ಅಮೆರಿಕದ ಕಂಪನಿ, ಶಿರಸಿಯ ಮನೆ: ಸಹಿ ಹಾಕುವ ಮೊದಲು ನೋಡಬೇಕಾದ್ದು

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಕೆಲಸ ಆಗಿದೆ, ಈಗಿನ ಸಿಟಿಸಿ (ವರ್ಷದ ಒಟ್ಟು ಸಂಬಳದ ಪ್ಯಾಕೇಜ್) 28 ಲಕ್ಷ. ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಂಪನಿ ತಿಂಗಳಿಗೆ 4,000 ಡಾಲರ್ ಕೊಡ್ತೀವಿ, ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಅಂದಿದೆ. ಶಿರಸಿ ಹತ್ತಿರದ ಊರಿಗೆ ಹೋಗಿ ಅಪ್ಪ-ಅಮ್ಮನ ಜೊತೆ ಇರಬೇಕು ಅನ್ನುವ ಆಸೆ. ಹೆಂಡತಿಗೆ ಬೆಂಗಳೂರಿನಲ್ಲಿ ಕೆಲಸ, ಮಗಳು ಒಂದನೇ ಕ್ಲಾಸು, ಮನೆ ಸಾಲ ತೆಗೆಯುವ ಯೋಚನೆಯೂ ಇದೆ. ಹೋಗಲೋ ಬೇಡವೋ?

ಹೋಗಬಹುದು. ದುಡ್ಡಿನ ಲೆಕ್ಕದಲ್ಲಿ ಆಫರ್ ಚೆನ್ನಾಗಿಯೇ ಇದೆ. ಆದರೆ ಇಂಥ ಕೆಲಸ ಬಿಟ್ಟು ಬಂದವರಲ್ಲಿ ದುಡ್ಡು ಸಾಲದೆ ಬಂದವರನ್ನು ನಾನು ಕಂಡಿದ್ದು ಕಡಿಮೆ, ನಿದ್ದೆಗೆಟ್ಟು ಬಂದವರೇ ಜಾಸ್ತಿ. ಹಾಗಾಗಿ ಇನ್ನೊಂದು 300 ಡಾಲರ್‌ಗೆ ಚೌಕಾಸಿ ಮಾಡುವ ಬದಲು ದಿನದ ಯಾವ ಎರಡು ಗಂಟೆ ನೀವು ಅವರಿಗೆ ಸಿಗಬೇಕು ಅನ್ನುವುದಕ್ಕೆ ಚೌಕಾಸಿ ಮಾಡಿ. ಅದು ಒಪ್ಪಂದದಲ್ಲಿ ಬರಹಕ್ಕೆ ಇಳಿಯಬೇಕು. ಇಳಿಯದಿದ್ದರೆ 5,000 ಡಾಲರ್ ಕೊಟ್ಟರೂ ಬೇಡ ಅಂತಲೇ ನಾನು ಹೇಳುವುದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಟ್ಯಾಕ್ಸ್ ಎಷ್ಟು ಹೋಗುತ್ತೆ ಅಂತ ಮೊದಲು ಕೇಳಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ.

ಭಾರತದಲ್ಲಿ ಕಚೇರಿ ಇಲ್ಲದ ಕಂಪನಿ ನಿಮ್ಮನ್ನು ಎರಡು ದಾರಿಯಲ್ಲಿ ತೆಗೆದುಕೊಳ್ಳಬಹುದು. ಒಂದು, ಡೀಲ್, ರಿಮೋಟ್‌ನಂಥ ಮಧ್ಯವರ್ತಿ ಕಂಪನಿಯ ಭಾರತೀಯ ಘಟಕ ಕಾಗದದ ಮೇಲೆ ನಿಮ್ಮ ಮಾಲೀಕನಾಗುತ್ತದೆ. ಇದಕ್ಕೆ ಇಒಆರ್ (ಎಂಪ್ಲಾಯರ್ ಆಫ್ ರೆಕಾರ್ಡ್) ಅನ್ನುತ್ತಾರೆ. ಸಂಬಳ, ಪಿಎಫ್, ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಳ್ಳುವ ತೆರಿಗೆ), ರಜೆ ಎಲ್ಲ ಈಗಿನಂತೆಯೇ ನಡೆಯುತ್ತದೆ. ಇನ್ನೊಂದು, ನೀವು ಕಾಂಟ್ರಾಕ್ಟರ್. ಪ್ರತಿ ತಿಂಗಳು ಇನ್‌ವಾಯ್ಸ್ ಕಳಿಸುತ್ತೀರಿ, ಅವರು ಡಾಲರ್ ಕಳಿಸುತ್ತಾರೆ, ಉಳಿದದ್ದೆಲ್ಲ ನಿಮ್ಮ ತಲೆಬೇನೆ. ನಿಮ್ಮ ಆಫರ್ ಎರಡನೆಯದು ಅನ್ನಿಸುತ್ತದೆ, ಆದರೂ ಕೇಳಿ ಖಚಿತ ಮಾಡಿಕೊಳ್ಳಿ. ಅಕಸ್ಮಾತ್ ಅವರಿಗೆ ಇಲ್ಲೊಂದು ಅಂಗಸಂಸ್ಥೆ ಇದ್ದು ಅದರ ಹೆಸರಲ್ಲಿ ರೂಪಾಯಿಯಲ್ಲಿ ಪಾವತಿಯಾದರೆ ಅದು ರಫ್ತು, ಅಂದರೆ ಹೊರದೇಶಕ್ಕೆ ಮಾರಿದ ಸೇವೆ, ಆಗುವುದಿಲ್ಲ. ಆಗ ನೋಂದಣಿಯಾದ ನೀವು 18% ಜಿಎಸ್‌ಟಿ ಹಾಕಲೇಬೇಕು, ಟಿಡಿಎಸ್ಸೂ ಕಡಿತವಾಗುತ್ತದೆ.

ಈಗ ಲೆಕ್ಕ. 4,000 ಡಾಲರ್ ತಿಂಗಳಿಗೆ ಅಂದರೆ ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳಿ. ಮಾಹಿತಿ ತಂತ್ರಜ್ಞಾನ ವೃತ್ತಿಪರರಿಗೆ ಅಂದಾಜು ಆದಾಯದ ಸೌಲಭ್ಯ ಇದೆ, 1961ರ ಕಾಯ್ದೆಯಲ್ಲಿ ಅದು 44ಎಡಿಎ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರ್ ಬದಲಾದರೂ ಸಿಎಗಳ ಬಾಯಲ್ಲಿ ಇನ್ನೂ 44ಎಡಿಎ ಅಂತಲೇ ಇದೆ. ಬಂದ ಹಣದ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು, ಲೆಕ್ಕದ ಪುಸ್ತಕ ಬೇಡ, ಆಡಿಟ್ ಬೇಡ. ಮಿತಿ ವರ್ಷಕ್ಕೆ 50 ಲಕ್ಷ, ನಗದಾಗಿ ಬಂದದ್ದು 5% ಮೀರದಿದ್ದರೆ 75 ಲಕ್ಷ. ನಿಮಗೆ ಬರುವುದೆಲ್ಲ ಬ್ಯಾಂಕಿಗೇ, ಹಾಗಾಗಿ 75.

ಅಂದರೆ ನಿಮ್ಮ ಆದಾಯ 20 ಲಕ್ಷ. 2025-26ರ ಹೊಸ ಪದ್ಧತಿಯ ದರದಲ್ಲಿ ಮೊದಲ 4 ಲಕ್ಷಕ್ಕೆ ಏನೂ ಇಲ್ಲ, ಮುಂದಿನ ನಾಲ್ಕು ನಾಲ್ಕು ಲಕ್ಷಕ್ಕೆ 5, 10, 15, 20%. ಒಟ್ಟು 2 ಲಕ್ಷ, 4% ಸೆಸ್ ಸೇರಿ 2,08,000 ರೂಪಾಯಿ. ಇದೇ 40 ಲಕ್ಷ ಸಂಬಳವಾಗಿ ಬಂದಿದ್ದರೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದೂ 7,87,800 ಆಗುತ್ತಿತ್ತು. ಇಒಆರ್ ಮತ್ತು ಕಾಂಟ್ರಾಕ್ಟರ್ ನಡುವೆ ಕೈಗೆ ಬರುವುದರಲ್ಲಿ ಇಷ್ಟು ಅಂತರ ಯಾಕೆ ಅನ್ನುವುದಕ್ಕೆ ಉತ್ತರ ಇದೇ.

ಆದರೆ ಈ ಸೌಲಭ್ಯಕ್ಕೆ ಒಂದು ಕೊಕ್ಕೆ ಇದೆ. ಒಪ್ಪಂದದಲ್ಲಿ "ನಮ್ಮಲ್ಲಿ ಮಾತ್ರ ಕೆಲಸ ಮಾಡಬೇಕು, ಒಂಬತ್ತರಿಂದ ಆರು ಹಾಜರಿರಬೇಕು, ವರ್ಷಕ್ಕೆ 18 ರಜೆ, ಮ್ಯಾನೇಜರ್ ಅಪ್ಪಣೆ ಬೇಕು" ಅಂತೆಲ್ಲ ಬರೆದಿದ್ದರೆ ಅದು ಹೆಸರಿಗೆ ಮಾತ್ರ ಕಾಂಟ್ರಾಕ್ಟ್. ನಾಳೆ ತೆರಿಗೆ ಅಧಿಕಾರಿ ಇದು ಸಂಬಳವೇ ಅಂತ ಹಿಡಿದರೆ ವಾದಿಸುವುದು ಕಷ್ಟ. ಕೆಲಸ ಏನು, ಯಾವಾಗ ಮುಗಿಸಿ ಕೊಡಬೇಕು, ಶುಲ್ಕ ಎಷ್ಟು ಅನ್ನುವ ರೀತಿಯಲ್ಲಿ ಬರೆಸಿ. "ಬೇರೆಯವರಿಗೂ ಕೆಲಸ ಮಾಡಬಹುದು" ಅನ್ನುವ ಒಂದು ಸಾಲು ಇರಲಿ, ನೀವು ಮಾಡದಿದ್ದರೂ. ರಜೆಯನ್ನು ಮಾತ್ರ ಬಾಯಿಮಾತಿಗೆ ಬಿಡಬೇಡಿ: ತಿಂಗಳ ಶುಲ್ಕ ಕಡಿತವಾಗದೆ ವರ್ಷಕ್ಕೆ ಎಷ್ಟು ದಿನ ಕೆಲಸಕ್ಕೆ ಸಿಗದಿರಬಹುದು ಅಂತ ಬರೆಸಿಕೊಳ್ಳಿ. ಗಂಟೆ ಲೆಕ್ಕದ ಕಾಂಟ್ರಾಕ್ಟ್ ಆದರೆ ವರ್ಷದ 260 ಕೆಲಸದ ದಿನಗಳಲ್ಲಿ ಹಬ್ಬ, ಜ್ವರ, ಮದುವೆ-ಮುಂಜಿ ಅಂತ 30 ದಿನ ಹೋಗೇ ಹೋಗುತ್ತದೆ. ಅಲ್ಲಿಗೆ ಶುಲ್ಕದಲ್ಲಿ ಹತ್ತಿರ ಹತ್ತಿರ 12% ಖೋತಾ.

ಟಿಡಿಎಸ್ ಯಾರೂ ಕಡಿಯುವುದಿಲ್ಲವಾದ್ದರಿಂದ ಮುಂಗಡ ತೆರಿಗೆ ನೀವೇ ಕಟ್ಟಬೇಕು. 44ಎಡಿಎ ಲೆಕ್ಕದವರಿಗೆ ಒಂದೇ ಕಂತು, ಮಾರ್ಚ್ 15ರೊಳಗೆ. ತಪ್ಪಿದರೆ ಬಡ್ಡಿ. ಪ್ರತಿ ಪಾವತಿಯಲ್ಲೂ 7% ಬೇರೆ ಖಾತೆಗೆ ಹಾಕಿಟ್ಟರೆ ಮಾರ್ಚ್‌ನಲ್ಲಿ ಕೈ ಕಚ್ಚುವುದಿಲ್ಲ. ಅವರು ಷೇರು ಕೊಟ್ಟರೆ, ಇಲ್ಲವೇ ನಿಮ್ಮ ಹೆಸರಲ್ಲಿ ಹೊರದೇಶದ ಬ್ಯಾಂಕ್ ಖಾತೆ ಇದ್ದರೆ ಸರಳ ರಿಟರ್ನ್ ಐಟಿಆರ್-4 ನಡೆಯುವುದಿಲ್ಲ. ಐಟಿಆರ್-3ರಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು. ಆ ಪಟ್ಟಿ ಜನವರಿಯಿಂದ ಡಿಸೆಂಬರ್ ಲೆಕ್ಕ, ಏಪ್ರಿಲ್-ಮಾರ್ಚ್ ಅಲ್ಲ.

ಜಿಎಸ್‌ಟಿ ಬಗ್ಗೆ "ರಫ್ತಿಗೆ ತೆರಿಗೆ ಇಲ್ಲವಲ್ಲ, ನೋಂದಣಿ ಯಾಕೆ" ಅಂತ ಎಲ್ಲರೂ ಕೇಳುತ್ತಾರೆ. ತೆರಿಗೆ ಶೂನ್ಯ ನಿಜ, ಆದರೆ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಆ 20 ಲಕ್ಷದಲ್ಲಿ ರಫ್ತೂ ಸೇರುತ್ತದೆ. ನಿಮಗೆ ಆರು-ಏಳು ತಿಂಗಳಲ್ಲಿ ದಾಟುತ್ತದೆ. ನೋಂದಣಿಯಾದ ಮೇಲೆ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ಫಾರ್ಮ್‌ನಲ್ಲಿ ಎಲ್‌ಯುಟಿ (ತೆರಿಗೆ ಮೊದಲು ಕಟ್ಟದೆ ರಫ್ತು ಮಾಡಲು ಬರೆದುಕೊಡುವ ಮುಚ್ಚಳಿಕೆ) ಸಲ್ಲಿಸಿ. ಇದು ಆ ಹಣಕಾಸು ವರ್ಷಕ್ಕೆ ಮಾತ್ರ. ಪ್ರತಿ ಏಪ್ರಿಲ್‌ನಲ್ಲಿ ಮತ್ತೆ ಹಾಕಬೇಕು, ಬಹಳ ಮಂದಿ ಮರೆಯುವುದು ಇಲ್ಲೇ. ಎಲ್‌ಯುಟಿ ಇಲ್ಲದೆ ಬಿಲ್ ಮಾಡಿದರೆ 18% ಐಜಿಎಸ್‌ಟಿ ಮೊದಲು ಕಟ್ಟಿ ಆಮೇಲೆ ರೀಫಂಡ್‌ಗೆ ಅಲೆಯಬೇಕು. ರಿಟರ್ನ್ ಮೂರು ತಿಂಗಳಿಗೊಮ್ಮೆ ಹಾಕುವ ಆಯ್ಕೆ ಇದೆ, ಅದನ್ನೇ ತೆಗೆದುಕೊಳ್ಳಿ. ಜೊತೆಗೆ ಕರ್ನಾಟಕದ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ. ಇಷ್ಟು ದಿನ ಕಂಪನಿ ಸಂಬಳದಲ್ಲಿ ಮುರಿದು ಕಟ್ಟುತ್ತಿತ್ತು, ಇನ್ನು ನಿಮ್ಮ ಹೆಸರಲ್ಲೇ ಕಟ್ಟಬೇಕು.

ಇನ್‌ವಾಯ್ಸ್‌ನಲ್ಲಿ ನಂಬರು, ದಿನಾಂಕ, ನಿಮ್ಮ ಜಿಎಸ್‌ಟಿ ನಂಬರು, ಎಲ್‌ಯುಟಿಯ ಎಆರ್‌ಎನ್ (ಅರ್ಜಿಯ ಸಂಖ್ಯೆ), ಸೇವೆಯ ಕೋಡ್ (ಸಾಫ್ಟ್‌ವೇರ್ ಅಭಿವೃದ್ಧಿಗೆ 998314), ಗ್ರಾಹಕರ ಪೂರ್ತಿ ವಿಳಾಸ, ಡಾಲರ್ ಮೊತ್ತ ಇರಬೇಕು. ಎಲ್‌ಯುಟಿ ಅಡಿಯಲ್ಲಿ ತೆರಿಗೆ ಕಟ್ಟದೆ ಮಾಡಿದ ರಫ್ತು ಅನ್ನುವ ಘೋಷಣೆಯ ಸಾಲೂ ಬೇಕೇ ಬೇಕು. ನಿಮ್ಮ ಹೆಸರು ಪ್ಯಾನ್, ಬ್ಯಾಂಕು, ಒಪ್ಪಂದ ಮೂರರಲ್ಲೂ ಒಂದೇ ಥರ ಇರಲಿ. ನಮ್ಮ ಕಡೆಯ ಹೆಸರುಗಳಲ್ಲಿ ಇದೊಂದು ರಗಳೆ: ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ತಂದೆಯ ಹೆಸರು ಹಿಂದೆ. ಮೊದಲ ಪಾವತಿ ಬ್ಯಾಂಕಿನಲ್ಲಿ ನಿಂತುಹೋಗಲು ಅಷ್ಟೇ ಸಾಕು.

ಪಾವತಿ ಬಂದಾಗ ಬ್ಯಾಂಕು ಅದಕ್ಕೊಂದು ಪರ್ಪಸ್ ಕೋಡ್, ಅಂದರೆ ಹಣ ಯಾಕೆ ಬಂತು ಅನ್ನುವ ಕೋಡು, ಹಾಕುತ್ತದೆ. ನಿಮ್ಮ ಕೆಲಸಕ್ಕೆ ಪಿ0802, ಅಂದರೆ ಸಾಫ್ಟ್‌ವೇರ್ ಸಲಹೆ. ನೀವು ಏನೂ ಹೇಳದಿದ್ದರೆ ಶಾಖೆಯವರು ಕೆಲವೊಮ್ಮೆ ಪಿ1301 ಒತ್ತಿಬಿಡುತ್ತಾರೆ. ಅದು ಅನಿವಾಸಿಗಳು ಮನೆ ಖರ್ಚಿಗೆ ಕಳಿಸುವ ಹಣದ ಕೋಡು. ಆಗ ನಿಮ್ಮ ರಫ್ತಿಗೆ ಪುರಾವೆಯೇ ಇಲ್ಲದಂತಾಗುತ್ತದೆ. ಪ್ರತಿ ಪಾವತಿಗೂ ಹೊರದೇಶದಿಂದ ಹಣ ಬಂದದ್ದಕ್ಕೆ ಪುರಾವೆಯಾದ ಎಫ್‌ಐಆರ್‌ಎ ಅಥವಾ ಎಫ್‌ಐಆರ್‌ಸಿ ಪತ್ರ ಕೇಳಿ ತೆಗೆದು, ಇನ್‌ವಾಯ್ಸ್ ನಂಬರಿನ ಜೊತೆ ಒಂದೇ ಫೋಲ್ಡರ್‌ನಲ್ಲಿಡಿ. ಸಾಫ್ಟ್‌ವೇರ್ ರಫ್ತಿಗೆ ಎಸ್‌ಟಿಪಿಐ (ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆ) ಮೂಲಕ ಸಾಫ್ಟೆಕ್ಸ್ ಅನ್ನುವ ಘೋಷಣೆಯೂ ಇದೆ, ನಿಮ್ಮ ಬ್ಯಾಂಕಿನ ಫಾರೆಕ್ಸ್ (ವಿದೇಶಿ ವಿನಿಮಯ) ವಿಭಾಗವನ್ನು ಮೊದಲ ಪಾವತಿಗೆ ಮುಂಚೆಯೇ ಕೇಳಿ. ಊರಿನ ಶಾಖೆಯಲ್ಲಿ ಇದೆಲ್ಲ ಗೊತ್ತಿರುವವರು ಸಿಗುವುದು ಅಪರೂಪ, ಹುಬ್ಬಳ್ಳಿ ಅಥವಾ ಬೆಂಗಳೂರಿನ ಫಾರೆಕ್ಸ್ ಶಾಖೆಯ ಖಾತೆ ಉಳಿಸಿಕೊಳ್ಳಿ.

ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಸ್ವಿಫ್ಟ್ ವರ್ಗಾವಣೆಯಲ್ಲಿ ನಡುವಿನ ಬ್ಯಾಂಕು ಹತ್ತಿಪ್ಪತ್ತು ಡಾಲರ್ ಮುರಿಯುತ್ತದೆ. ಅದಕ್ಕಿಂತ ದೊಡ್ಡ ಹೊಡೆತ ನಿಮ್ಮ ಬ್ಯಾಂಕು ಕೊಡುವ ವಿನಿಮಯ ದರದಲ್ಲಿದೆ. ಅದೇ ದಿನದ ಮಾರುಕಟ್ಟೆ ದರದ ಜೊತೆ ಹೋಲಿಸಿ: ಡಾಲರಿಗೆ ಒಂದು ರೂಪಾಯಿ ಕಡಿಮೆ ಕೊಟ್ಟರೂ ವರ್ಷಕ್ಕೆ 48,000 ರೂಪಾಯಿ ಹೋಯಿತು. ವೈಸ್, ಪೇಯೊನೀರ್‌ನಂಥ ಹಣ ವರ್ಗಾವಣೆ ಕಂಪನಿಗಳ ಮೂಲಕ ತರಿಸಿ ಒಮ್ಮೆ ಹೋಲಿಸಿ ನೋಡಿ, ಆದರೆ ಎಫ್‌ಐಆರ್‌ಎ ಕೊಡದ ದಾರಿ ಅಗ್ಗವಾದರೂ ಬೇಡ.

ಅಮೆರಿಕದ ಕಡೆಯಿಂದ ಡಬ್ಲ್ಯು-8ಬೆನ್ ಫಾರ್ಮ್ ಕೇಳುತ್ತಾರೆ. ನೀವು ಅಮೆರಿಕದವರಲ್ಲ ಅನ್ನುವ ಘೋಷಣೆ ಅದು. ಭಾರತದಲ್ಲಿ ಕೂತು ಮಾಡಿದ ಕೆಲಸಕ್ಕೆ ಅಲ್ಲಿ ತೆರಿಗೆ ಇಲ್ಲ. ಅದರ ಬದಲು ಡಬ್ಲ್ಯು-9 ಕಳಿಸಿದರೆ ತುಂಬಬೇಡಿ, ಅದು ಅವರ ದೇಶದವರಿಗೆ.

ಇನ್ನು ರಾಜೀನಾಮೆ ಕೊಡುವ ಮೊದಲು ಇಲ್ಲಿ ಮುಗಿಸಬೇಕಾದ್ದು. ಮನೆ ಸಾಲ ತೆಗೆಯುವುದಿದ್ದರೆ ಈಗಲೇ, ಸ್ಯಾಲರಿ ಸ್ಲಿಪ್ ಕೈಯಲ್ಲಿರುವಾಗಲೇ. ಸ್ವಂತ ವೃತ್ತಿಯವರಿಗೆ ಬ್ಯಾಂಕುಗಳು ಎರಡು-ಮೂರು ವರ್ಷದ ರಿಟರ್ನ್ ಕೇಳುತ್ತವೆ, ಮೇಲಾಗಿ 44ಎಡಿಎಯಲ್ಲಿ ನೀವು ತೋರಿಸಿದ ಅರ್ಧ ಆದಾಯದ ಮೇಲೆಯೇ ಸಾಲದ ಅರ್ಹತೆ ಲೆಕ್ಕ ಹಾಕುತ್ತವೆ. ತೆರಿಗೆಯಲ್ಲಿ ಉಳಿದದ್ದು ಸಾಲದಲ್ಲಿ ಕಳೆಯುವುದು ಅಂದರೆ ಇದೇ. ಹಾಗಂತ ಸಾಲದ ಅರ್ಜಿಯಲ್ಲಿ ಕೆಲಸ ಬದಲಿಸುವುದನ್ನು ಮುಚ್ಚಿಡಬೇಡಿ. ಸಾಲದಲ್ಲಿ ಹೆಂಡತಿಯನ್ನೂ ಸೇರಿಸಿಕೊಂಡರೆ ಅವರ ಸಂಬಳವೇ ಆಧಾರವಾಗುತ್ತದೆ.

ಈಗಿನ ಕಂಪನಿಯಲ್ಲಿ ಐದು ವರ್ಷ ತುಂಬಲು ಎರಡು-ಮೂರು ತಿಂಗಳಷ್ಟೇ ಬಾಕಿ ಇದ್ದರೆ ತಡೆದು ಹೊರಡಿ. ಐದು ವರ್ಷ ತುಂಬಿದರೆ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ: ತಿಂಗಳ ಬೇಸಿಕ್ 1 ಲಕ್ಷ ಇದ್ದವರಿಗೆ 15/26 ಲೆಕ್ಕದಲ್ಲಿ (ತಿಂಗಳಿಗೆ 26 ದಿನ ಅಂತ ಹಿಡಿದು ವರ್ಷಕ್ಕೆ 15 ದಿನದ ಬೇಸಿಕ್) ಐದು ವರ್ಷಕ್ಕೆ 2,88,461 ರೂಪಾಯಿ. ಪಿಎಫ್ ತೆಗೆಯಬೇಡಿ. ಅಲ್ಲೇ ಇದ್ದರೂ ಬಡ್ಡಿ ಬರುತ್ತದೆ, ಕೆಲಸ ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆ ಇದೆ ಅಷ್ಟೇ. ಪಿಎಫ್ ಪಾಸ್‌ಬುಕ್ ತೆರೆದು ಪಿಂಚಣಿ ಕಾಲಂನಲ್ಲಿ ತಿಂಗಳಿಗೆ 1,250 ರೂಪಾಯಿ ಹೋಗಿದೆಯೇ ನೋಡಿ. 2014ರ ಸೆಪ್ಟೆಂಬರ್ ನಂತರ 15,000ಕ್ಕಿಂತ ಹೆಚ್ಚು ಪಿಎಫ್ ವೇತನದಲ್ಲಿ ಮೊದಲ ಬಾರಿ ಸೇರಿದವರಿಗೆ ಆ ಪಿಂಚಣಿ ಇಲ್ಲ, ಹಾಗಿದ್ದರೆ ಈ ವಿಷಯ ಬಿಡಿ. ಹೋಗುತ್ತಿದ್ದರೆ ಒಂಬತ್ತೂವರೆ ವರ್ಷ ದಾಟುವವರೆಗೆ ನಿಲ್ಲುವುದು ಲಾಭ, ಅದನ್ನು ಹತ್ತು ವರ್ಷ ಅಂತ ಎಣಿಸುತ್ತಾರೆ, ಪಿಂಚಣಿಗೆ ಹತ್ತು ಬೇಕು. ದೊಡ್ಡ ಮೊತ್ತವೇನಲ್ಲ, ಆದರೆ ಆರು ತಿಂಗಳಿಗಾಗಿ ಬಿಡುವುದೂ ಯಾಕೆ.

ಆರೋಗ್ಯ ವಿಮೆ ಕೊನೆಯ ದಿನಕ್ಕೇ ನಿಲ್ಲುತ್ತದೆ. ಅಪ್ಪ-ಅಮ್ಮನೂ ಕಂಪನಿಯ ಪಾಲಿಸಿಯಲ್ಲಿದ್ದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ನೋಟಿಸ್ ಅವಧಿಯಲ್ಲೇ ಅರ್ಜಿ ಹಾಕಿ, ಆಗ ಇಷ್ಟು ವರ್ಷ ಕಾದದ್ದು ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ತೆಗೆದರೆ ಬಿಪಿ, ಶುಗರ್‌ನಂಥ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಶಿರಸಿಯಿಂದ ದೊಡ್ಡ ಆಸ್ಪತ್ರೆಗೆ ಅಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕು, ನಗದುರಹಿತ ಚಿಕಿತ್ಸೆಯ ಪಟ್ಟಿಯಲ್ಲಿ ಅಲ್ಲಿನ ಆಸ್ಪತ್ರೆಗಳಿವೆಯೇ ನೋಡಿಯೇ ಪಾಲಿಸಿ ಆರಿಸಿ.

ಕೈಯಲ್ಲಿ ಆರು ತಿಂಗಳ ಖರ್ಚು ಇರಲಿ. ಮೊದಲ ತಿಂಗಳು ಕೆಲಸ ಮಾಡಿ, ಕೊನೆಗೆ ಇನ್‌ವಾಯ್ಸ್ ಕಳಿಸಿ, ಅವರು ಮೂವತ್ತು ದಿನದೊಳಗೆ ಪಾವತಿ ಅಂದರೆ ಮೊದಲ ದುಡ್ಡು ಕಾಣುವುದು ಎರಡು ತಿಂಗಳಿಗೆ. ಅದನ್ನು ಹದಿನೈದು ದಿನಕ್ಕೆ ಇಳಿಸಲು ಕೇಳಿ, ಸಣ್ಣ ಕಂಪನಿಗಳು ಒಪ್ಪುತ್ತವೆ. ಕಾರಣ ಕೊಡದೆ ತೆಗೆಯಲು ಅವರಿಗೆ ಎಷ್ಟು ದಿನದ ನೋಟಿಸ್ ಬೇಕು ಅಂತ ನೋಡಿ. ಏಳು ದಿನ ಅಂತಿದ್ದರೆ ಮೂವತ್ತಕ್ಕೆ ಏರಿಸಿ.

ಈಗ ಗಂಟೆಯ ವಿಷಯ. ಕ್ಯಾಲಿಫೋರ್ನಿಯಾದ ಬೆಳಗಿನ ಒಂಬತ್ತು ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. "ನಾಲ್ಕೇ ಗಂಟೆ ಜೊತೆಗಿದ್ದರೆ ಸಾಕು" ಅಂತ ಅವರು ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಅವರ ಒಂಬತ್ತರಿಂದ ಒಂದು ಅಂದರೆ ನವೆಂಬರ್ ನಂತರ ನಿಮಗೆ ರಾತ್ರಿ ಎರಡೂವರೆ. ಬೆಳಿಗ್ಗೆ ಆರಕ್ಕೆ ಹಾಲು ಕರೆಯುವ, ಏಳಕ್ಕೆ ಬಾಗಿಲು ತಟ್ಟುವ ಮನೆಯಲ್ಲಿ ಇದು ನಡೆಯುವ ಮಾತಲ್ಲ. ಸಾಲದ್ದಕ್ಕೆ ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಹಿಂದೆ ಹೋಗುವುದಕ್ಕೂ ನಿಮ್ಮಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾಗುವುದಕ್ಕೂ ಸರಿಹೋಗುತ್ತದೆ. ಅಂಗಳದಲ್ಲಿ ಅಡಿಕೆ ಸುಲಿಯುವವರು ಕೂತಿರುವಾಗ ಮಾಳಿಗೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಸ್ಪ್ರಿಂಟ್ ರಿವ್ಯೂ ಅನ್ನುವ ತಂಡದ ಮೀಟಿಂಗು.

ಒಪ್ಪಂದದಲ್ಲಿ ಹೀಗೆ ಬರೆಸಿ: ವಾರದಲ್ಲಿ ನಾಲ್ಕು ದಿನ, ಪೆಸಿಫಿಕ್ (ಕ್ಯಾಲಿಫೋರ್ನಿಯಾದ) ಸಮಯ ಬೆಳಿಗ್ಗೆ 7ರಿಂದ 9. ಅಂದರೆ ನಮ್ಮ ಸಂಜೆ ಏಳೂವರೆಯಿಂದ ಒಂಬತ್ತೂವರೆ, ಚಳಿಗಾಲದಲ್ಲಿ ಎಂಟೂವರೆಯಿಂದ ಹತ್ತೂವರೆ. ಅಷ್ಟು ಬೇಗ ಏಳುವ ಒಬ್ಬ ಎಂಜಿನಿಯರ್ ಅವರಲ್ಲಿ ಇರಬೇಕು, ಅಥವಾ ನ್ಯೂಯಾರ್ಕ್ ಸಮಯದ ಸಹೋದ್ಯೋಗಿ ಇರಬೇಕು, ಅಲ್ಲಿನ ಒಂಬತ್ತು ನಮ್ಮ ಸಂಜೆ ಆರೂವರೆ ಅಥವಾ ಏಳೂವರೆ. ಇಂಟರ್‌ವ್ಯೂನಲ್ಲೇ ಕೇಳಿ: ತಂಡದಲ್ಲಿ ಎಷ್ಟು ಜನ ಬೇರೆ ಸಮಯ ವಲಯದಲ್ಲಿದ್ದಾರೆ, ತೀರ್ಮಾನಗಳನ್ನು ಎಲ್ಲಿ ಬರೆದಿಡುತ್ತಾರೆ? ನೀವೊಬ್ಬರೇ ಹೊರಗಿನವರು, ಎಲ್ಲ ಮಾತುಕತೆ ಕಾಲ್‌ನಲ್ಲೇ ಅಂತಾದರೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಗಂಟೆ ಜಾರುತ್ತಾ ಹೋಗುತ್ತದೆ. ಇದೇ ಮೊತ್ತಕ್ಕಿಂತ ಸ್ವಲ್ಪ ಕಡಿಮೆಗೆ ಯೂರೋಪಿನ ಆಫರ್ ಸಿಗುವಂತಿದ್ದರೆ ಕಣ್ಣು ಮುಚ್ಚಿ ಅದನ್ನು ತೆಗೆದುಕೊಳ್ಳಿ ಅನ್ನುತ್ತೇನೆ. ಬರ್ಲಿನ್‌ನ ಒಂಬತ್ತು ನಮ್ಮ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಊಟ ಮುಗಿಸಿ ಕೂತರೆ ರಾತ್ರಿ ಊಟಕ್ಕೆ ಏಳಬಹುದು.

ಕರೆಂಟು, ನೆಟ್ಟು. ಲ್ಯಾಪ್‌ಟಾಪ್ 60 ವ್ಯಾಟ್, ಮಾನಿಟರ್ 25, ರೂಟರ್ ಮತ್ತು ಫೈಬರ್ ಪೆಟ್ಟಿಗೆ 20, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನು 30, ಒಂದು ದೀಪ, ಒಟ್ಟು 145 ವ್ಯಾಟ್ ಆಸುಪಾಸು. 150 ಎಎಚ್‌ನ ಒಂದು ಬ್ಯಾಟರಿಯಲ್ಲಿ ನಿಜವಾಗಿ ಬಳಕೆಗೆ ಸಿಗುವುದು 1,100 ವ್ಯಾಟ್-ಗಂಟೆ ಅಂತ ಹಿಡಿದರೆ ಏಳು ಗಂಟೆ ಬರುತ್ತದೆ, ಮನೆಯವರ ಟಿವಿ, ಮಿಕ್ಸಿ ಆ ಲೈನಿನಲ್ಲಿ ಇಲ್ಲದಿದ್ದರೆ. ಹಾಗಾಗಿ ನಿಮ್ಮ ಕೋಣೆಗೆ ಬೇರೆ ಇನ್ವರ್ಟರ್ ಹಾಕಿಸಿ. ಆದರೆ ಜುಲೈ ಗಾಳಿಗೆ ಮರ ಬಿದ್ದು ಹೆಸ್ಕಾಂ ಲೈನು ಹೋದರೆ ಒಳಗಿನ ಹಳ್ಳಿಗಳಲ್ಲಿ ದಿನಗಟ್ಟಲೆ ಬರದೇ ಇರಬಹುದು. ಆಗ ನಿಮ್ಮ ಮನೆಯಲ್ಲಿ ಬ್ಯಾಟರಿ ಇದ್ದು ಉಪಯೋಗ ಇಲ್ಲ, ಮೊಬೈಲ್ ಟವರಿನ ಬ್ಯಾಟರಿಯೂ ಕೆಲವು ಗಂಟೆಯಲ್ಲಿ ಖಾಲಿಯಾಗುತ್ತದೆ. ಫೈಬರ್ ಕೊಡುವ ಸ್ಥಳೀಯ ಫ್ರಾಂಚೈಸಿಯವರನ್ನು ಸ್ಪೀಡ್ ಎಷ್ಟು ಅಂತ ಕೇಳಬೇಡಿ. ಅವರ ಯಂತ್ರ ಇರುವ ಜಾಗದಲ್ಲಿ ಎಷ್ಟು ಗಂಟೆ ಬ್ಯಾಕಪ್, ಜನರೇಟರ್ ಇದೆಯಾ ಅಂತ ಕೇಳಿ. ಎರಡನೇ ಸಂಪರ್ಕ ತೆಗೆದರೆ ಅದೇ ಕಂಬದ ಮೇಲೆ ಬರುವ ಇನ್ನೊಂದು ಕೇಬಲ್ ಬೇಡ, ಬೇರೆ ಕಂಪನಿಯ ಸಿಮ್ ಇರುವ ರೂಟರ್ ಇರಲಿ. ಮೂರನೆಯದಾಗಿ ಶಿರಸಿ ಪೇಟೆಯಲ್ಲಿ ಜನರೇಟರ್ ಇರುವ ಒಂದು ಕೋಣೆಯನ್ನು ಮಳೆಗಾಲದ ನಾಲ್ಕು ತಿಂಗಳಿಗೆ ಮಾತಾಡಿಟ್ಟುಕೊಳ್ಳಿ, ಪರಿಚಯದವರ ಆಫೀಸಾದರೂ ಸರಿ.

ಸಂಸಾರದ ವಿಷಯದಲ್ಲಿ ಹೊರಗಿನವನು ಹೇಳಬಹುದಾದದ್ದು ಕಡಿಮೆ. ಒಂದು ಮಾತ್ರ ಹೇಳುತ್ತೇನೆ: ಎಲ್ಲರೂ ಒಟ್ಟಿಗೆ ಹೊರಡಬೇಡಿ. ಮೊದಲ ಮಳೆಗಾಲ ನೀವೊಬ್ಬರೇ ಊರಿನಲ್ಲಿದ್ದು ನೋಡಿ, ಜೂನ್‌ನಿಂದ ಸೆಪ್ಟೆಂಬರ್. ಆ ನಾಲ್ಕು ತಿಂಗಳು ಕೆಲಸ ನಡೆದರೆ ವರ್ಷವಿಡೀ ನಡೆಯುತ್ತದೆ. ಡಿಸೆಂಬರ್‌ನಲ್ಲಿ ಹೋಗಿ ನೋಡಿ ತೀರ್ಮಾನ ಮಾಡಿದರೆ ಊರು ಸ್ವರ್ಗದಂತೆ ಕಾಣುತ್ತದೆ, ಅದನ್ನು ನಂಬಬೇಡಿ. ಮಗಳ ಶಾಲೆ ಬದಲಿಸುವುದು ಮುಂದಿನ ಜೂನ್‌ಗೆ ಇರಲಿ. ಹೆಂಡತಿಗೆ ಅವರ ಕಂಪನಿ ಮನೆಯಿಂದ ಕೆಲಸ ಕೊಡುವುದಾದರೆ ಅದು ಲಿಖಿತವಾಗಿ ಸಿಗುವವರೆಗೆ ಬೆಂಗಳೂರಿನ ಬಾಡಿಗೆ ಮನೆ ಬಿಡಬೇಡಿ. ಊರಿನಲ್ಲಿ "ಹೆಂಗೂ ಮನೇಲೇ ಇದ್ದೀಯಲ್ಲ, ಸೊಸೈಟಿಗೆ ಹೋಗಿ ಬಾ" ಅನ್ನುವುದು ಮೊದಲ ವಾರದಲ್ಲೇ ಶುರುವಾಗುತ್ತದೆ. ಹಗಲು ನೀವು ಕೂರುವ ಕೋಣೆ ಜಗುಲಿಗೆ ಕಾಣದ ಕಡೆ ಇರಲಿ, ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಸಿಗುವುದಿಲ್ಲ ಅಂತ ಅಪ್ಪನಿಗೆ ಗಡಿಯಾರದ ಲೆಕ್ಕದಲ್ಲೇ ಹೇಳಿ.

ಎರಡು-ಮೂರು ವರ್ಷದ ಮೇಲೆ ಮತ್ತೆ ಬೆಂಗಳೂರಿನ ಕಂಪನಿಗೆ ಸೇರುವ ಸಂದರ್ಭ ಬರಬಹುದು. ಆಗ ಹಿನ್ನೆಲೆ ಪರಿಶೀಲನೆಯವರು ಸ್ಯಾಲರಿ ಸ್ಲಿಪ್ ಕೇಳುತ್ತಾರೆ, ನಿಮ್ಮಲ್ಲಿ ಇರುವುದಿಲ್ಲ. ಸಹಿಯಾದ ಒಪ್ಪಂದ, ಎಲ್ಲ ಇನ್‌ವಾಯ್ಸ್, ಎಫ್‌ಐಆರ್‌ಎ, ರಿಟರ್ನ್ ಇದ್ದರೆ ಅದನ್ನೇ ಒಪ್ಪುತ್ತಾರೆ. ಈಗಿನ ಕಂಪನಿಯಿಂದ ರಿಲೀವಿಂಗ್ ಲೆಟರ್ ತಪ್ಪದೆ ಪಡೆಯಿರಿ, 90 ದಿನದ ನೋಟಿಸ್ ಇದ್ದರೆ ಪೂರ್ತಿ ಮಾಡಿ ಅಥವಾ ಲಿಖಿತವಾಗಿ ಕಡಿಮೆ ಮಾಡಿಸಿಕೊಳ್ಳಿ. ಆ ನೋಟಿಸ್ ಅವಧಿಯಲ್ಲೇ ಹೊಸ ಕಂಪನಿಗೆ ರಾತ್ರಿ ಕೆಲಸ ಶುರು ಮಾಡುವ ಆಸೆ ಬೇಡ. ಹೊಸ ಕಂಪನಿಯಿಂದ ವರ್ಷಕ್ಕೊಮ್ಮೆ ಯಾವ ಪಾತ್ರ, ಯಾವ ಕೆಲಸ ಅಂತ ಒಂದು ಪತ್ರ ಅವರ ಲೆಟರ್‌ಹೆಡ್‌ನಲ್ಲಿ ತೆಗೆದಿಡಿ. ಸಣ್ಣ ಕಂಪನಿ ಮುಚ್ಚಿಹೋದ ಮೇಲೆ ಅದನ್ನು ಬರೆದುಕೊಡಲು ಯಾರೂ ಉಳಿದಿರುವುದಿಲ್ಲ.